ಬೆನ್ನಿನ ನಾಳ ಕಿರಿದಾದಾಗ
(ಬಾನುಲಿ ಭಾಷಣ)

ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ, ಅಥವಾ ಆ ಸೀಮೆಯ ಬೇರೆ ಯಾವುದಾದರೂ ಊರಿನಲ್ಲಿ, ಅರವತ್ತೈದು ದಾಟಿದ ಒಬ್ಬ ಹಿರಿಯರನ್ನು ಕಲ್ಪಿಸಿಕೊಳ್ಳಿ. ಬೆಳಗ್ಗೆ ಎದ್ದು ತೆಂಗಿನ ತೋಟದ ಕಡೆಗೆ ಹೊರಡುತ್ತಾರೆ. ಮನೆಯ ಹೊಸ್ತಿಲು ದಾಟುವಾಗ ಯಾವ ತೊಂದರೆಯೂ ಇರುವುದಿಲ್ಲ. ನೂರಿನ್ನೂರು ಹೆಜ್ಜೆ ಹಾಕುವಷ್ಟರಲ್ಲಿ ತೊಡೆಗಳು ಭಾರವಾಗುತ್ತವೆ, ಮೀನಖಂಡಗಳಿಗೆ ಜೋಮು ಹಿಡಿಯುತ್ತದೆ, ಕಾಲುಗಳು ತಮ್ಮವಲ್ಲವೇನೋ ಎನ್ನಿಸುತ್ತದೆ. ಯಾರದೋ ಮನೆಯ ಜಗಲಿಯ ಮೇಲೆ ಕೂರುತ್ತಾರೆ. ಕುಳಿತು ಐದು ನಿಮಿಷ ಕಳೆಯುವುದರೊಳಗೆ ನೋವು ಇಳಿಯುತ್ತದೆ. ಎದ್ದು ಮತ್ತೆ ನೂರಿನ್ನೂರು ಹೆಜ್ಜೆ. ಮತ್ತೆ ಒಂದು ಜಗಲಿ. ಹೋದ ವರ್ಷ ತೋಟಕ್ಕೆ ಹೋಗುವ ದಾರಿಯಲ್ಲಿ ಒಮ್ಮೆ ಕೂರುತ್ತಿದ್ದವರು ಈ ವರ್ಷ ನಾಲ್ಕು ಸಲ ಕೂರುತ್ತಾರೆ. ಆದರೆ ಒಂದು ವಿಚಿತ್ರವನ್ನು ಗಮನಿಸಿ. ಅದೇ ಹಿರಿಯರು ಸೈಕಲ್ ಹತ್ತಿದರೆ ಅದೇ ದಾರಿಯನ್ನು ಒಮ್ಮೆಯೂ ನಿಲ್ಲದೆ ಕ್ರಮಿಸಬಲ್ಲರು.

ಇನ್ನೊಂದು ಚಿತ್ರ. ಆ ಮನೆಯ ಅಜ್ಜಿ ಹೊಲದಲ್ಲಿ ಬಗ್ಗಿ ಗಂಟೆಗಟ್ಟಲೆ ಕಳೆ ಕೀಳಬಲ್ಲಳು. ನೀರಿನ ಕೊಡವನ್ನು ತಲೆಯ ಮೇಲೆ ಹೊತ್ತು ನೆಟ್ಟಗೆ ನಡೆಯುವಾಗ ಮಾತ್ರ ಕಾಲುಗಳು ಸೋಲುತ್ತವೆ. ಮನೆಯವರಿಗೆ ಇದು ಅರ್ಥವಾಗುವುದಿಲ್ಲ. ‘ಬಗ್ಗಿ ದುಡಿಯುವುದಕ್ಕಾಗುತ್ತದೆ, ನಾಲ್ಕು ಹೆಜ್ಜೆ ನಡೆಯುವುದಕ್ಕಾಗುವುದಿಲ್ಲವೇ?’ ಎಂದು ಸೊಸೆ ಒಳಗೊಳಗೇ ಅಂದುಕೊಳ್ಳಬಹುದು. ನೆರೆಹೊರೆಯವರು ವಾತವೆಂದಾರು, ನಿತ್ರಾಣವೆಂದಾರು, ಕೊನೆಗೆ ‘ವಯಸ್ಸಾಯಿತಲ್ಲ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿಯಾರು.

ಬಾಗಿದ ಬೆನ್ನನ್ನು ಮುಪ್ಪಿನ ಗುರುತೆಂದು ಕಾಣುವುದು ನಮಗೆ ಹೊಸದಲ್ಲ. ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಬೆನ್ನು ಬಾಗುವುದು, ಊರುಗೋಲು ಹಿಡಿಯುವುದು, ಪರರ ಹಂಗಿಗೆ ಬೀಳುವುದು ಎಲ್ಲವೂ ಮುಪ್ಪಿನ ಲಕ್ಷಣಗಳಾಗಿಯೇ ಬರುತ್ತವೆ. ಆ ಕಾಣ್ಕೆಯಲ್ಲಿ ತಪ್ಪಿಲ್ಲ. ಆದರೆ ವೈದ್ಯಶಾಸ್ತ್ರವು ಅದಕ್ಕೆ ಒಂದು ಪ್ರಶ್ನೆಯನ್ನು ಸೇರಿಸುತ್ತದೆ: ಈ ಮನುಷ್ಯ ಬೆನ್ನು ಬಾಗಿದ್ದರಿಂದ ನಡೆಯಲಾರದಾದನೋ, ಅಥವಾ ನಡೆಯುವುದಕ್ಕಾಗಿಯೇ ಬೆನ್ನು ಬಾಗಿಸುತ್ತಿದ್ದಾನೋ? ನಾವು ಈಗ ಹೇಳಹೊರಟಿರುವ ಕಾಯಿಲೆಯ ಗುಟ್ಟು ಈ ಪ್ರಶ್ನೆಯಲ್ಲಿಯೇ ಅಡಗಿದೆ. ವೈದ್ಯರು ಅದನ್ನು ಸ್ಪೈನಲ್ ಸ್ಟೆನೋಸಿಸ್ ಎನ್ನುತ್ತಾರೆ. ‘ಸ್ಟೆನೋಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಇಕ್ಕಟ್ಟಾದುದು ಎಂದರ್ಥ. ಬೆನ್ನಿನ ನಾಳ ಕಿರಿದಾಗುವುದೆಂದು ನಾವು ಕನ್ನಡದಲ್ಲಿ ಹೇಳಬಹುದು.

ಬೆನ್ನಿನೊಳಗೆ ನಾಳವೆಲ್ಲಿಂದ ಬಂತು ಎಂದು ಕೇಳುವಿರೇನೋ. ಅದನ್ನು ತಿಳಿಯಲು ಮತ್ತೋಡಿನ ಹಳೆಯ ಕಸುಬೊಂದು ನಮ್ಮ ನೆರವಿಗೆ ಬರುತ್ತದೆ. ಒಂದು ಕಾಲದಲ್ಲಿ ಮತ್ತೋಡು ಗಾಜಿನ ಬಳೆಗಳಿಗೆ ಹೆಸರಾದ ಊರು. ಮೈಸೂರು ಸೀಮೆಯಲ್ಲಿ ೧೮೦೦-೦೧ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಬಳೆಯ ಕುಲುಮೆಗಳ ವಿಷಯವನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. ಬಳೆಗಾರರು ಬಳೆಗಳನ್ನು ಹಗ್ಗಕ್ಕೆ ಪೋಣಿಸಿ ಮಲಾರ ಕಟ್ಟಿ ಹೆಗಲ ಮೇಲೆ ಹೊತ್ತು ಊರೂರು ತಿರುಗುತ್ತಿದ್ದುದನ್ನು ಹಿರಿಯರು ಬಲ್ಲರು. ಒಂದರ ಪಕ್ಕಕ್ಕೊಂದು ಒತ್ತಾಗಿ ಜೋಡಿಸಿದ ಬಳೆಗಳನ್ನು ಒಂದು ತುದಿಯಿಂದ ಇಣುಕಿ ನೋಡಿ: ಬಿಡಿ ಬಿಡಿ ಉಂಗುರಗಳೆಲ್ಲ ಸೇರಿ ಒಂದು ಸುರಂಗವಾಗಿರುತ್ತವೆ.

ನಮ್ಮ ಬೆನ್ನಿನ ರಚನೆಯೂ ಹೀಗೆಯೇ. ಬೆನ್ನುಮೂಳೆಯೆಂಬುದು ಒಂದೇ ಮೂಳೆಯಲ್ಲ. ಕುತ್ತಿಗೆಯಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫, ಹೀಗೆ ಚಲಿಸಬಲ್ಲ ೨೪ ಮಣಿಗಳು ಒಂದರ ಮೇಲೊಂದು ಕುಳಿತಿವೆ. ಅವುಗಳ ಕೆಳಗೆ ಕೂಡಿಕೊಂಡುಹೋದ ತ್ರಿಕಾಸ್ಥಿ ಮತ್ತು ಬಾಲದೆಲುಬು. ಪ್ರತಿಯೊಂದು ಮಣಿಗೂ ಮುಂದೆ ಭಾರ ಹೊರುವ ದಿಮ್ಮಿಯಂಥ ಭಾಗ, ಹಿಂದೆ ಕಮಾನಿನಂಥ ಭಾಗ. ಇವೆರಡರ ನಡುವೆ ಬಳೆಯಲ್ಲಿರುವಂಥ ಒಂದು ರಂಧ್ರ. ಈ ರಂಧ್ರಗಳು ಸಾಲಾಗಿ ನಿಂತಾಗ ಆಗುವ ಸುರಂಗವೇ ಬೆನ್ನಿನ ನಾಳ. ಮಿದುಳಿನಿಂದ ಇಳಿದುಬರುವ ಬೆನ್ನುಹುರಿ ಈ ನಾಳದೊಳಗೆ ಸುರಕ್ಷಿತವಾಗಿದೆ. ದೊಡ್ಡವರಲ್ಲಿ ಈ ಹುರಿ ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕಾಲುಗಳಿಗೂ ಮೂತ್ರಕೋಶಕ್ಕೂ ಮಲದ್ವಾರಕ್ಕೂ ಹೋಗುವ ನರಗಳು ಕುದುರೆಯ ಬಾಲದಂತೆ ಎಳೆಎಳೆಯಾಗಿ ಇಳಿಯುತ್ತವೆ. ವೈದ್ಯರು ಅದಕ್ಕೆ ಇಟ್ಟಿರುವ ಲ್ಯಾಟಿನ್ ಹೆಸರಿಗೂ ಕುದುರೆಬಾಲವೆಂದೇ ಅರ್ಥ.

ಸೊಂಟದ ಭಾಗದಲ್ಲಿ ಈ ನಾಳದ ಮುಂದು-ಹಿಂದಿನ ಅಳತೆ ಸಾಮಾನ್ಯವಾಗಿ ೧೫ ಮಿಲಿಮೀಟರಿಗಿಂತ ಹೆಚ್ಚಿರುತ್ತದೆ. ೧೨ಕ್ಕಿಂತ ಕಡಿಮೆಯಾದರೆ ಇಕ್ಕಟ್ಟು, ೧೦ಕ್ಕಿಂತ ಕಡಿಮೆಯಾದರೆ ತೀವ್ರವಾದ ಇಕ್ಕಟ್ಟು ಎಂದು ಸ್ಥೂಲವಾಗಿ ಹೇಳುವ ವಾಡಿಕೆಯಿದೆ. ಕೆಲವರಿಗೆ ಹುಟ್ಟಿನಿಂದಲೇ ನಾಳ ಸಣ್ಣದು. ಹೆಚ್ಚಿನವರಲ್ಲಿ ಅದು ವರ್ಷಗಳು ಕಳೆದಂತೆ ಕಿರಿದಾಗುತ್ತದೆ. ಮಣಿಗಳ ನಡುವಿನ ಮೆತ್ತೆಗಳು, ಡಿಸ್ಕ್ ಎಂದು ಎಲ್ಲರೂ ಕರೆಯುವಂಥವು, ನೀರಿನ ಪಸೆ ಕಳೆದುಕೊಂಡು ಚಪ್ಪಟೆಯಾಗಿ ಹಿಂದಕ್ಕೆ ಉಬ್ಬುತ್ತವೆ. ಮೆತ್ತೆ ಕುಸಿದಾಗ ಭಾರವೆಲ್ಲ ಹಿಂಬದಿಯ ಕೀಲುಗಳ ಮೇಲೆ ಬಿದ್ದು ಆ ಕೀಲುಗಳು ದಪ್ಪವಾಗುತ್ತವೆ, ಅಂಚಿನಲ್ಲಿ ಎಲುಬಿನ ಮೊಳಕೆಗಳು ಏಳುತ್ತವೆ. ಕಮಾನುಗಳನ್ನು ಬಿಗಿದಿರುವ ಹಳದಿ ಬಣ್ಣದ ಅಸ್ಥಿರಜ್ಜು ತನ್ನ ಹಿಗ್ಗುವ ಗುಣವನ್ನು ಕಳೆದುಕೊಂಡು, ದಪ್ಪನಾಗಿ, ನಾಳದೊಳಕ್ಕೆ ಮಡಿಚಿಕೊಳ್ಳುತ್ತದೆ. ಕೆಲವೊಮ್ಮೆ ಒಂದು ಮಣಿ ಇನ್ನೊಂದರ ಮೇಲಿಂದ ತುಸು ಮುಂದಕ್ಕೆ ಜಾರುವುದೂ ಉಂಟು. ಹೀಗೆ ಮುಂದಿನಿಂದ, ಹಿಂದಿನಿಂದ, ಇಕ್ಕೆಲಗಳಿಂದ ಗೋಡೆಗಳು ಒಳಸರಿದು ನರಗಳಿಗೆ ಎಡೆ ಇಲ್ಲದಾಗುತ್ತದೆ. ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವೆ ಇದು ಹೆಚ್ಚು.

ಇಂಥ ಇಕ್ಕಟ್ಟಿನಿಂದ ಕಾಲುನೋವು ಬರುವುದೆಂಬುದನ್ನು ಸ್ಪಷ್ಟವಾಗಿ ವಿವರಿಸಿ, ಅದಕ್ಕೆ ವೈದ್ಯಕೀಯ ಜಗತ್ತಿನಲ್ಲಿ ಒಂದು ಸ್ಥಾನ ದೊರಕಿಸಿದವನು ಹಾಲೆಂಡಿನ ಉಟ್ರೆಕ್ಟ್ ನಗರದ ಶಸ್ತ್ರವೈದ್ಯ ಹೆಂಕ್ ವರ್ಬೀಸ್ಟ್. ಇಂಗ್ಲಿಷಿನಲ್ಲಿ ಅವನ ಪ್ರಸಿದ್ಧ ಲೇಖನ ಪ್ರಕಟವಾದುದು ೧೯೫೪ರಲ್ಲಿ. ನಿಂತಾಗ, ನಡೆದಾಗ ಕಾಲಿನಲ್ಲಿ ನೋವು. ಮಲಗಿಸಿ ಪರೀಕ್ಷಿಸಿದರೆ ಎಲ್ಲವೂ ಸರಿ. ಇಂಥ ರೋಗಿಯ ಮಾತನ್ನು ನಂಬಿ ಅದರ ಕಾರಣವನ್ನು ಹುಡುಕಿದ್ದು ಅವನ ಹಿರಿಮೆ.

ಈಗ ಹಿರಿಯರ ಸೈಕಲ್ಲಿಗೂ ಅಜ್ಜಿಯ ಕಳೆಗೂ ಹಿಂದಿರುಗೋಣ. ನಾವು ನೆಟ್ಟಗೆ ನಿಂತಾಗ ಅಥವಾ ಹಿಂದಕ್ಕೆ ಬಾಗಿದಾಗ ಆ ಹಳದಿ ರಜ್ಜು ಇನ್ನಷ್ಟು ಮಡಿಚಿ ನಾಳ ಮತ್ತಷ್ಟು ಕಿರಿದಾಗುತ್ತದೆ. ಮುಂದಕ್ಕೆ ಬಾಗಿದಾಗ ರಜ್ಜು ಎಳೆದು ಬಿಗಿಯಾಗಿ, ನಾಳ ತುಸು ಅಗಲವಾಗುತ್ತದೆ. ನಡೆಯುವಾಗ ನರಗಳಿಗೆ ಹೆಚ್ಚು ರಕ್ತ ಬೇಕು. ಇಕ್ಕಟ್ಟಿನಲ್ಲಿ ಅದು ಸಾಕಷ್ಟು ಹರಿಯುವುದಿಲ್ಲ. ನರಗಳು ನೋವು, ಜೋಮು, ಭಾರ ಎಂಬ ಭಾಷೆಯಲ್ಲಿ ದೂರು ಹೇಳುತ್ತವೆ. ಕುಳಿತರೆ, ಕುಕ್ಕರಗಾಲಿನಲ್ಲಿ ಕೂತರೆ, ಸೈಕಲ್ಲಿನ ಹಿಡಿಯ ಮೇಲೆ ಬಾಗಿದರೆ, ಕಳೆ ಕೀಳಲು ಬಗ್ಗಿದರೆ ಬಾಗಿಲು ಸ್ವಲ್ಪ ತೆರೆದಂತಾಗಿ ನರಗಳು ಉಸಿರಾಡುತ್ತವೆ. ಏರು ಹತ್ತುವಾಗ ನಾವು ಮುಂದಕ್ಕೆ ಬಾಗುತ್ತೇವೆ, ಇಳಿಯುವಾಗ ಹಿಂದಕ್ಕೆ ವಾಲುತ್ತೇವೆ. ಆದುದರಿಂದ ಇವರಿಗೆ ಏರಿಗಿಂತ ಇಳಿಜಾರೇ ಕಷ್ಟ. ಆ ಹಿರಿಯರ ಬಾಗಿದ ಬೆನ್ನು ಬರಿಯ ಮುಪ್ಪಿನದಲ್ಲ; ನೋವಿಗೆ ದೇಹ ತಾನೇ ಕಂಡುಕೊಂಡ ಉಪಾಯ. ಅಜ್ಜಿಯದು ಸೋಮಾರಿತನವೂ ಅಲ್ಲ, ನೆಪವೂ ಅಲ್ಲ.

ಆದರೆ ನಡೆದರೆ ಕಾಲು ನೋಯುವ ಎಲ್ಲರಿಗೂ ಇದೇ ಕಾಯಿಲೆಯೆಂದು ಭಾವಿಸಲಾಗದು. ಬೀಡಿ ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಕಾಲಿಗೆ ರಕ್ತ ಒಯ್ಯುವ ನಾಳಗಳೇ ಕಿರಿದಾಗಿ ಇಂಥದೇ ನೋವು ಬರಬಹುದು. ಅವರು ನಿಂತಲ್ಲಿಯೇ ನಿಂತರೂ ನೋವು ಇಳಿಯುತ್ತದೆ, ಕೂರಬೇಕಾಗಿಲ್ಲ. ಸೈಕಲ್ ತುಳಿದರೂ ನೋವು ಬರುತ್ತದೆ. ಪಾದ ತಣ್ಣಗಿದ್ದು ನಾಡಿ ಕ್ಷೀಣವಾಗಿರುತ್ತದೆ. ಡಿಸ್ಕ್ ಜಾರಿದವರಿಗೆ ಸಾಮಾನ್ಯವಾಗಿ ಬಗ್ಗಿದಾಗ, ಕೂತಾಗ ನೋವು ಹೆಚ್ಚು. ಇವರಿಗೆ ಅದೇ ಹಿತ. ಮಂಡಿಯ, ತೊಡೆಸಂದಿನ ಸವೆತವೂ ಸಕ್ಕರೆ ಕಾಯಿಲೆಯಿಂದ ಪಾದದ ನರಗಳಿಗಾಗುವ ಹಾನಿಯೂ ಇದರೊಡನೆ ಬೆರೆತಿರಬಹುದು. ಎಷ್ಟು ದೂರ ನಡೆದರೆ ನೋವು, ಏನು ಮಾಡಿದರೆ ಶಮನ ಎಂಬ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡುವ ರೋಗಿಯು ವೈದ್ಯರ ಅರ್ಧ ಕೆಲಸವನ್ನು ತಾನೇ ಮಾಡಿಕೊಟ್ಟಂತೆ.

ಕುತ್ತಿಗೆಯ ಭಾಗದಲ್ಲಿ ನಾಳ ಕಿರಿದಾದರೆ ಕಥೆ ಬೇರೆ, ಅಪಾಯವೂ ಹೆಚ್ಚು. ಅಲ್ಲಿ ಒತ್ತಡ ಬೀಳುವುದು ಬಿಡಿ ನರಗಳ ಮೇಲೆ ಮಾತ್ರವಲ್ಲ, ಬೆನ್ನುಹುರಿಯ ಮೇಲೆಯೇ. ಅಂಗಿಯ ಗುಂಡಿ ಹಾಕಲು ಬೆರಳುಗಳು ತಡವರಿಸುತ್ತವೆ, ಅಕ್ಷರ ಕೆಡುತ್ತದೆ, ತುತ್ತು ಕಲಸುವಾಗ ಕೈ ಹಿಡಿತ ತಪ್ಪುತ್ತದೆ. ಕಾಲುಗಳು ಬಿಗಿದುಕೊಂಡು ಕತ್ತಲಲ್ಲಿ ನಡೆಯುವಾಗ ತೋಲ ಸಿಗುವುದಿಲ್ಲ. ನೋವೇ ಇಲ್ಲದೆ ಇವೆಲ್ಲ ಆಗಬಹುದಾದ್ದರಿಂದ ಜನ ಉಪೇಕ್ಷಿಸುತ್ತಾರೆ. ಇಂಥವರು ಕುತ್ತಿಗೆಯನ್ನು ಎಳೆಸಿಕೊಳ್ಳುವುದು, ತಿರುಚಿಸಿಕೊಳ್ಳುವುದು, ‘ನೆಟಿಕೆ’ ತೆಗೆಸಿಕೊಳ್ಳುವುದು ಬಲು ಅಪಾಯಕರ. ನೇರವಾಗಿ ನರರೋಗ ತಜ್ಞರನ್ನು ಕಾಣಬೇಕು.

ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಇನ್ನೊಂದು ಕಾರಣವನ್ನು ಹೇಳದಿದ್ದರೆ ಈ ಮಾತು ಅಪೂರ್ಣವಾಗುತ್ತದೆ. ಅದು ನೀರು. ಮಳೆ ಕಡಿಮೆಯಾದ ಈ ಕಲ್ಲುನೆಲದ ಸೀಮೆಯಲ್ಲಿ ಅಂತರ್ಜಲವು ಬಂಡೆಗಳಲ್ಲಿರುವ ಫ್ಲೋರೈಡ್ ಲವಣವನ್ನು ಕರಗಿಸಿಕೊಂಡು ಬರುತ್ತದೆ; ಜಿಲ್ಲೆಯ ಹಲವು ಕಡೆ ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೧.೫ ಮಿಲಿಗ್ರಾಂ ಮೀರಕೂಡದೆಂಬುದು ನಿಯಮ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದಾಗ ಮೊದಲು ಮಕ್ಕಳ ಹಲ್ಲುಗಳಲ್ಲಿ ಕಂದು ಪಟ್ಟೆಗಳು ಕಾಣುತ್ತವೆ. ಫ್ಲೋರೈಡ್ ಬಹಳ ಹೆಚ್ಚಿದ್ದು ಬಹುಕಾಲ ಕುಡಿದವರಲ್ಲಿ ಮೂಳೆಗಳು ದಪ್ಪನಾಗಿ, ರಜ್ಜುಗಳು ಎಲುಬಿನಂತೆ ಗಟ್ಟಿಯಾಗಿ, ಬೆನ್ನು ಹಲಗೆಯಂತೆ ಬಿಗಿಯುತ್ತದೆ. ಬೆನ್ನಿನ ನಾಳವೂ ಕಿರಿದಾಗಿ, ವಿಶೇಷವಾಗಿ ಕುತ್ತಿಗೆ ಮತ್ತು ಎದೆಯ ಭಾಗದಲ್ಲಿ, ಬೆನ್ನುಹುರಿ ಅಮುಕಿಹೋಗುವುದುಂಟು. ಭಾರತದಲ್ಲಿ ಈ ರೋಗವನ್ನು ಮೊದಲು ವಿವರವಾಗಿ ವರದಿ ಮಾಡಿದ್ದು ೧೯೩೭ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ, ಶಾರ್ಟ್ ಮತ್ತು ಅವನ ಸಂಗಡಿಗರು. ಕೇಂದ್ರ ಸರ್ಕಾರ ೨೦೦೮-೦೯ರಲ್ಲಿ ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿತು.

ಗಟ್ಟಿಯಾದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ, ಅಂಥ ಬೆನ್ನಿನ ಶಸ್ತ್ರಚಿಕಿತ್ಸೆಯೂ ಕಠಿಣ. ಆದುದರಿಂದ ತಡೆಯುವುದೇ ಮದ್ದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಹೆಚ್ಚುತ್ತದೆ. ಮಾರಿಕಣಿವೆಯ ವಾಣಿವಿಲಾಸ ಸಾಗರದಂಥ ಜಲಾಶಯಗಳ, ಕೆರೆಗಳ ಮೇಲ್ನೀರಿನಲ್ಲಿ ಸಾಮಾನ್ಯವಾಗಿ ಅದು ಕಡಿಮೆ. ಮಳೆಯ ನೀರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸುಣ್ಣ ಮತ್ತು ಪಟಿಕದಿಂದ ಶುದ್ಧಿ ಮಾಡುವ ನಲಗೊಂಡ ವಿಧಾನ, ಅಲ್ಯೂಮಿನಾ ಸೋಸುಕ, ಊರಿನ ಶುದ್ಧ ನೀರಿನ ಘಟಕ ಇವೂ ಉಪಯುಕ್ತ. ಮಕ್ಕಳ ಹಲ್ಲಿನ ಕಂದುಪಟ್ಟೆ ಕಂಡ ಊರಿನವರು ತಮ್ಮ ಬಾವಿಯ ನೀರನ್ನು ಪರೀಕ್ಷೆಗೆ ಕೊಡುವುದು ಹಿರಿಯರ ಬೆನ್ನಿಗೂ ಮಾಡುವ ಉಪಕಾರ.

ಇನ್ನು ರೋಗನಿರ್ಣಯ. ರೋಗಿಯ ಮಾತು, ನಡಿಗೆ, ಸ್ನಾಯುಗಳ ಬಲ, ಪಾದದ ನಾಡಿ, ಇವುಗಳ ಪರೀಕ್ಷೆ ಮೊದಲು. ಎಕ್ಸ್-ರೇಯಲ್ಲಿ ಮೂಳೆಯ ಸವೆತವೂ ಮಣಿ ಜಾರಿರುವುದೂ ಕಾಣುತ್ತದೆ, ನರಗಳು ಕಾಣುವುದಿಲ್ಲ. ಹಿಂದೆ ಬೆನ್ನಿನ ದ್ರವದೊಳಕ್ಕೆ ಬಣ್ಣದ ಔಷಧಿ ಚುಚ್ಚಿ ಚಿತ್ರ ತೆಗೆಯುತ್ತಿದ್ದರು, ಈಗ ಎಂ.ಆರ್.ಐ. ಯಂತ್ರ ನೋವಿಲ್ಲದೆ ನಾಳವನ್ನು ಪದರಪದರವಾಗಿ ತೋರಿಸುತ್ತದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಅರವತ್ತು ದಾಟಿದ ಅನೇಕರ ಚಿತ್ರದಲ್ಲಿ ನಾಳ ಕಿರಿದಾಗಿರುತ್ತದೆ, ಅವರಿಗೆ ಯಾವ ನೋವೂ ಇರುವುದಿಲ್ಲ. ಚಿಕಿತ್ಸೆ ಮಾಡಬೇಕಾದುದು ಚಿತ್ರಕ್ಕಲ್ಲ, ಮನುಷ್ಯನಿಗೆ. ನೋವಿನ ಕಥೆಗೂ ಚಿತ್ರಕ್ಕೂ ತಾಳೆಯಾದಾಗ ಮಾತ್ರ ನಿರ್ಣಯ ಪೂರ್ಣ.

ಚಿಕಿತ್ಸೆಯ ವಿಷಯದಲ್ಲಿ ಮೊದಲು ತಿಳಿಯಬೇಕಾದುದು ಸಮಾಧಾನದ ಮಾತು. ಸೊಂಟದ ನಾಳ ಕಿರಿದಾದವರೆಲ್ಲ ಹಾಸಿಗೆ ಹಿಡಿಯುವುದಿಲ್ಲ. ಸೌಮ್ಯವಾದ ತೊಂದರೆಯಿರುವ ಬಹಳ ಮಂದಿ ವರ್ಷಗಳ ಕಾಲ ಇದ್ದಹಾಗೆಯೇ ಇರುತ್ತಾರೆ, ಕೆಲವರು ಸುಧಾರಿಸುತ್ತಾರೆ, ಕೆಲವರಿಗಷ್ಟೇ ಹೆಚ್ಚುತ್ತದೆ. ಆದುದರಿಂದ ಮೊದಲು ವ್ಯಾಯಾಮ. ಮಲಗಿ ಮೊಣಕಾಲುಗಳನ್ನು ಎದೆಯ ಕಡೆಗೆ ಎಳೆದುಕೊಳ್ಳುವುದು, ಹೊಟ್ಟೆ ಮತ್ತು ತೊಡೆಯ ಸ್ನಾಯುಗಳನ್ನು ಬಲಪಡಿಸುವುದು, ಸೈಕಲ್ ತುಳಿಯುವುದು, ನೋವು ಬರುವ ಮುನ್ನ ಕುಳಿತು ಮತ್ತೆ ನಡೆಯುವುದು. ವ್ಯಾಯಾಮ ತಿಳಿದವರಿಂದ ಕಲಿತರೆ ಒಳ್ಳೆಯದು. ಕೋಲು ಹಿಡಿಯಲು ನಾಚಬೇಕಾಗಿಲ್ಲ. ತುಸು ಮುಂದಕ್ಕೆ ಬಾಗಿ ನಡೆಯಲು ಅದು ಆಸರೆ. ತೂಕ ಇಳಿಸುವುದು ಹಿತಕರ. ಸೊಂಟದ ಪಟ್ಟಿಯನ್ನು ಹಗಲಿರುಳು ಕಟ್ಟಿಕೊಂಡರೆ ಸ್ನಾಯುಗಳು ಸೊರಗುತ್ತವೆ. ನೋವಿನ ಮಾತ್ರೆಗಳು ತಾತ್ಕಾಲಿಕ. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಮುಪ್ಪಿನಲ್ಲಿ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಬೆನ್ನಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವ ರೂಢಿಯಿದೆ. ೨೦೧೪ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬರಿಯ ಮರವಿನ ಮದ್ದಿಗಿಂತ ಸ್ಟೀರಾಯ್ಡ್ ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ.

ಇಷ್ಟಾದರೂ ಬದುಕು ದಿನೇ ದಿನೇ ಕುಗ್ಗುತ್ತಿದ್ದರೆ ಶಸ್ತ್ರಚಿಕಿತ್ಸೆಯನ್ನು ಯೋಚಿಸಬೇಕು. ಅದರ ತತ್ತ್ವ ಸರಳ. ಕತ್ತಲ ಕೋಣೆಗೆ ಗಾಳಿಬೆಳಕು ಬರಲು ಮಾಡಿನ ಹೆಂಚು ಸರಿಸುವಂತೆ, ನಾಳದ ಹಿಂದಿನ ಕಮಾನಿನ ಹಲಗೆಯನ್ನೂ ದಪ್ಪಗಟ್ಟಿದ ರಜ್ಜುವನ್ನೂ ತೆಗೆದು ನರಗಳಿಗೆ ಎಡೆ ಮಾಡಿಕೊಡುವುದು. ಲ್ಯಾಮಿನೆಕ್ಟಮಿ ಎಂದು ಅದಕ್ಕೆ ಹೆಸರು. ಅಮೆರಿಕದಲ್ಲಿ ೨೦೦೮ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮಾಡಿಸಿಕೊಳ್ಳದವರಿಗಿಂತ ಎರಡು ವರ್ಷಗಳವರೆಗೆ ಚೆನ್ನಾಗಿದ್ದರು. ವರ್ಷಗಳು ಕಳೆದಂತೆ ಆ ಅಂತರ ಕಡಿಮೆಯಾಯಿತು. ಮಣಿಗಳಿಗೆ ತಿರುಪು ಮೊಳೆ ಹಾಕಿ ಬೆಸೆಯುವುದು ಎಲ್ಲರಿಗೂ ಬೇಕೇ ಎಂಬ ಪ್ರಶ್ನೆಗೆ ೨೦೧೬ರಲ್ಲಿ ಸ್ವೀಡನ್ ದೇಶದ ಅಧ್ಯಯನವೊಂದು ಉತ್ತರ ಹುಡುಕಿತು: ಎಡೆ ಮಾಡಿಕೊಟ್ಟುದರ ಜೊತೆಗೆ ಬೆಸುಗೆಯನ್ನೂ ಸೇರಿಸಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ. ಮಣಿಗಳು ಭದ್ರವಾಗಿಲ್ಲದ ಕೆಲವರಿಗೆ ಅದು ಬೇಕಾದೀತು. ಬೇಕೇಕೆಂದು ವೈದ್ಯರನ್ನು ಕೇಳುವುದು ರೋಗಿಯ ಹಕ್ಕು. ಈ ಶಸ್ತ್ರಚಿಕಿತ್ಸೆಯಿಂದ ಕಾಲುನೋವೂ ನಡಿಗೆಯೂ ಸುಧಾರಿಸುವಷ್ಟು ಸೊಂಟನೋವು ಸುಧಾರಿಸುವುದಿಲ್ಲ. ಸೋಂಕು, ನರದ ಪೊರೆ ಹರಿಯುವುದು, ರಕ್ತ ಹೆಪ್ಪುಗಟ್ಟುವುದು ಮೊದಲಾದ ಅಪಾಯಗಳೂ ಉಂಟು. ೨೦೧೮ರಿಂದ ಇರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನೇನು ಸೇರುತ್ತದೆಂದು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡರೆ ಹೊಲ ಅಡವಿಡುವ ಸಂಕಟ ತಪ್ಪೀತು.

ಒಂದೇ ಒಂದು ಸಂದರ್ಭದಲ್ಲಿ ಯೋಚಿಸುತ್ತ ಕೂರಬಾರದು. ಮೂತ್ರ ಕಟ್ಟಿಕೊಂಡರೆ, ಅಥವಾ ಮಲಮೂತ್ರಗಳ ಮೇಲಿನ ಹತೋಟಿ ತಪ್ಪಿದರೆ. ಕುದುರೆಯ ಮೇಲೆ ಕುಳಿತಾಗ ಜೀನಿಗೆ ತಾಗುವ ಭಾಗವೆಲ್ಲ ಮರಗಟ್ಟಿದರೆ. ಪಾದ ಎತ್ತಲಾರದೆ ನೆಲಕ್ಕೆ ಎಳೆಯತೊಡಗಿದರೆ, ಎರಡು ಕಾಲುಗಳೂ ಬೇಗಬೇಗನೆ ಶಕ್ತಿ ಕಳೆದುಕೊಂಡರೆ, ಅಂದೇ, ಆ ಗಳಿಗೆಯಲ್ಲಿಯೇ ದೊಡ್ಡಾಸ್ಪತ್ರೆಗೆ ಹೊರಡಬೇಕು. ಕುದುರೆಬಾಲದ ನರಗಳು ಪೂರ್ತಿ ಅಮುಕಿಹೋದುದರ ಲಕ್ಷಣವಿದು. ಇಲ್ಲಿ ಗಂಟೆಗಳಿಗೆ ಬೆಲೆಯಿದೆ. ನಾಚಿಕೆಯಿಂದ ಮೂತ್ರದ ವಿಷಯವನ್ನು ಮನೆಯವರಿಂದ ಮುಚ್ಚಿಡುವ ಹಿರಿಯರಿಗೆ ಈ ಮಾತನ್ನು ಮೊದಲೇ ತಿಳಿಸಿರಬೇಕು. ಹಾಗೆಯೇ ಬೆನ್ನುನೋವಿನ ಜೊತೆಗೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿಯೂ ಬಿಡದ ನೋವು ಇದ್ದರೆ ಕ್ಷಯ, ಗಡ್ಡೆ ಮುಂತಾದುವುಗಳ ಶಂಕೆಯಿಂದ ತಡಮಾಡದೆ ಪರೀಕ್ಷಿಸಬೇಕು.

ಈ ಕಾಯಿಲೆ ಒಮ್ಮೆಲೇ ಯಾರನ್ನೂ ಕೆಡವುವುದಿಲ್ಲ. ಅದು ಮನುಷ್ಯನ ಪ್ರಪಂಚವನ್ನು ಸದ್ದಿಲ್ಲದೆ ಕಿರಿದು ಮಾಡುತ್ತದೆ. ಮೊದಲು ಜಾತ್ರೆ ತಪ್ಪುತ್ತದೆ, ಆಮೇಲೆ ಸಂತೆ, ಆಮೇಲೆ ತೋಟ, ಕೊನೆಗೆ ಎದುರು ಮನೆಯ ಜಗಲಿ. ಮನೆಯವರು ಇದನ್ನು ಗಮನಿಸುವುದೇ ಇಲ್ಲ. ‘ಅಪ್ಪ ಈಚೆಗೆ ಎಲ್ಲಿಗೂ ಹೋಗುವುದಿಲ್ಲ’ ಎಂದಷ್ಟೇ ಹೇಳುತ್ತಾರೆ. ಎಲ್ಲಿಗೂ ಹೋಗದವರಿಗೆ ನೋವೂ ಕಾಣಿಸಿಕೊಳ್ಳುವುದಿಲ್ಲ. ಆದುದರಿಂದ ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುತ್ತಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಿಮ್ಮ ಮನೆಯ ಹಿರಿಯರನ್ನು ಇಂದು ಸಂಜೆ ಹತ್ತಿರ ಕುಳಿತು ಕೇಳಿ: ‘ಹೋದ ವರ್ಷ ಕೂರದೆ ಎಲ್ಲಿಯವರೆಗೆ ನಡೆಯುತ್ತಿದ್ದಿರಿ, ಈಗ ಎಲ್ಲಿಯವರೆಗೆ?’ ಆ ಉತ್ತರವನ್ನು ಹಿಡಿದುಕೊಂಡು ವೈದ್ಯರ ಬಳಿಗೆ ಹೋಗಿ. ವಯಸ್ಸಾಯಿತು ಎಂಬುದು ನಿಜವೇ ಇರಬಹುದು; ಆದರೆ ಅದೊಂದೇ ಉತ್ತರವಲ್ಲ, ಕೊನೆಯ ಉತ್ತರವಂತೂ ಅಲ್ಲ.